ಕೀನ್ಯಾ ಸಫಾರಿ: ಪಾರ್ಕ್ ಎಣಿಸಬೇಡಿ, ನೆಲ ನೋಡಿ

ಬೆಂಗಳೂರಿನ ಟ್ರಾವೆಲ್ ಕಂಪನಿಯೊಂದರಲ್ಲಿ ಆಫ್ರಿಕಾ ಪ್ರವಾಸಗಳ ಪ್ಲ್ಯಾನ್ ಹಾಕುವುದು ನನ್ನ ಕೆಲಸ. ಕೀನ್ಯಾ ಅಂದ ಕೂಡಲೇ ಜನ ಕೇಳುವುದು ಎರಡೇ ಪ್ರಶ್ನೆ. ಸಿಂಹ ಕಾಣುತ್ತಾ? ಒಂದು ವಾರದಲ್ಲಿ ಎಷ್ಟು ಪಾರ್ಕ್ ತೋರಿಸ್ತೀರಿ?

ಎರಡನೇ ಪ್ರಶ್ನೆಗೆ ನಾನು ಕೊಡುವ ಉತ್ತರ ಕೆಲವರಿಗೆ ಹಿಡಿಸುವುದಿಲ್ಲ. ಮೂರು ಸಾಕು, ಆದರೆ ಮೂರರ ನೆಲವೂ ಬೇರೆ ಬೇರೆ ಇರಬೇಕು ಎನ್ನುತ್ತೇನೆ.

ಸಾಂಬುರು ತಗೊಳ್ಳಿ. ಸಮಭಾಜಕ ವೃತ್ತ ದಾಟಿ ಉತ್ತರಕ್ಕೆ ಹೋದರೆ ಸಿಗುವ ಒಣ ಕುರುಚಲು ಸೀಮೆ. ಇಲ್ಲಿನ ಗ್ರೇವಿ ಜೀಬ್ರಾಕ್ಕೆ ಸಣ್ಣ ಸಣ್ಣ ಪಟ್ಟೆ, ಹೊಟ್ಟೆ ಬಿಳಿ. ಗೆರೆನುಕ್ ಎಂಬ ಉದ್ದ ಕತ್ತಿನ ಜಿಂಕೆ ಹಿಂಗಾಲ ಮೇಲೆ ನೆಟ್ಟಗೆ ನಿಂತು ಎಲೆ ಮೇಯುತ್ತದೆ. ಇವೆರಡೂ ಮಸಾಯ್ ಮಾರಾದಲ್ಲಿ ಕಾಣುವುದಿಲ್ಲ. ಮಾರಾ ಹುಲ್ಲುಗಾವಲು. ಜುಲೈನಿಂದ ಅಕ್ಟೋಬರ್‌ವರೆಗೆ ಟಾಂಜಾನಿಯಾದ ಸೆರೆಂಗೆಟಿ ಕಡೆಯಿಂದ ವಿಲ್ಡಬೀಸ್ಟ್ ಎಂಬ ದೊಡ್ಡ ಜಿಂಕೆ ಜಾತಿಯ ಪ್ರಾಣಿಗಳ ಹಿಂಡುಗಳು ಬರುವುದು ಆ ಹುಲ್ಲಿಗಾಗಿಯೇ. ಅವು ನದಿ ದಾಟುವುದನ್ನು ತೋರಿಸಿಯೇ ತೋರಿಸ್ತೀವಿ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ದಡದಲ್ಲಿ ಗಂಟೆಗಟ್ಟಲೆ ನಿಂತು ಸುಮ್ನೆ ವಾಪಸ್ ಹೋಗುವ ಹಿಂಡುಗಳೂ ಇರುತ್ತವೆ.

ಮೂರನೆಯದಕ್ಕೆ ಅಂಬೊಸೆಲಿ. ಎದುರಿಗೆ 5,895 ಮೀಟರ್ ಎತ್ತರದ ಕಿಲಿಮಂಜಾರೊ. ಬೆಟ್ಟ ಇರುವುದು ಟಾಂಜಾನಿಯಾದಲ್ಲಿ, ನೋಟ ಮಾತ್ರ ಇಲ್ಲಿಂದ. ಅದರ ನೀರು ನೆಲದೊಳಗೆ ಹರಿದು ಬಂದು ಇಲ್ಲಿ ಜೌಗಾಗಿ ಮೇಲೇಳುತ್ತದೆ. ಸುತ್ತೆಲ್ಲ ಧೂಳೆದ್ದಿರುವ ಬೇಸಿಗೆಯಲ್ಲೂ ಆನೆಗಳು ಹಸಿರಲ್ಲಿ ಮುಳುಗಿ ಮೇಯುತ್ತಿರುತ್ತವೆ. ಬೆಟ್ಟ ಕಾಣಬೇಕೆಂದರೆ ಬೆಳಗ್ಗೆ ಬೇಗ ಏಳಬೇಕು. ಹೊತ್ತೇರಿದಂತೆ ಮೋಡ ಮುಚ್ಚಿಕೊಳ್ಳುತ್ತದೆ.

ನಾಲ್ಕನೆಯದು ಬೇಕೇ ಬೇಕು ಅಂದವರಿಗೆ ನಕುರು ಸರೋವರವನ್ನು ನಾನು ಘೇಂಡಾಮೃಗಕ್ಕೆ ಅಂತ ಸೇರಿಸುತ್ತೇನೆ, ಗುಲಾಬಿ ಬಣ್ಣದ ಫ್ಲೆಮಿಂಗೊ ಹಕ್ಕಿಗಳಿಗೆ ಅಲ್ಲ. ನೀರು ಏರಿ ಉಪ್ಪಿನಂಶ ತೆಳುವಾದ ಮೇಲೆ ಅವುಗಳ ಮೇವಾದ ಪಾಚಿ ಕಡಿಮೆಯಾಯಿತು. ದೊಡ್ಡ ಹಿಂಡುಗಳು ಬೊಗೋರಿಯಾ ಸರೋವರದ ಕಡೆ ಹೋದವು. ಆದರೂ ದಡವೆಲ್ಲ ಗುಲಾಬಿಯಾಗಿರುವ ಹಳೇ ಫೋಟೊ ಬ್ರೋಷರ್‌ಗಳಲ್ಲಿ ಇನ್ನೂ ಓಡಾಡುತ್ತಿದೆ. ನಮ್ಮದರಿಂದ ಅದನ್ನು ತೆಗೆಸಲು ಮಾರ್ಕೆಟಿಂಗ್‌ನವರ ಜೊತೆ ಸಾಕಷ್ಟು ಜಗಳ ಆಡಬೇಕಾಯಿತು.

ಪಾರ್ಕ್ ಜಾಸ್ತಿಯಾದರೆ ಹೊಡೆತ ಬೀಳುವುದು ಸಮಯಕ್ಕೆ. ನೈರೋಬಿಯಿಂದ ಮಾರಾಕ್ಕೆ ರಸ್ತೆಯಲ್ಲಿ ಐದಾರು ಗಂಟೆ ಬೇಕು. ವರ್ಷವಿಡೀ ಹಗಲು ಹೆಚ್ಚುಕಡಿಮೆ 12 ಗಂಟೆಯೇ. ಪ್ರಾಣಿಗಳು ಚುರುಕಾಗಿರುವುದು ಅದರ ಎರಡು ತುದಿಗಳಲ್ಲಿ. ದಿನಕ್ಕೊಂದು ಪಾರ್ಕ್ ಅಂದರೆ ಆ ಹೊತ್ತು ವ್ಯಾನ್‌ನಲ್ಲೇ ಕಳೆಯುತ್ತದೆ, ಅಲ್ವಾ?

ಬಟ್ಟೆ ವಿಷಯ. ಸಮಭಾಜಕ ವೃತ್ತ ಅಂದ ಕೂಡಲೇ ಬಿಸಿಲು ಅಂದುಕೊಂಡು ಹೊರಡುವವರೇ ಹೆಚ್ಚು. ನೈರೋಬಿ ಬೆಂಗಳೂರಿನ ಸುಮಾರು ಎರಡರಷ್ಟು ಎತ್ತರದಲ್ಲಿದೆ. ಜುಲೈ ಬೆಳಗ್ಗೆ ಮೇಲ್ಛಾವಣಿ ತೆರೆದ ಗಾಡಿಯಲ್ಲಿ ನಿಂತರೆ ಸ್ವೆಟರ್ ಬೇಕೇ ಬೇಕು.

ಊಟದ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಗುಜರಾತಿಗಳು ನೆಲೆಸಿ ನೂರು ವರ್ಷ ದಾಟಿದ ದೇಶ ಅದು. ಚಪಾತಿ ಅಲ್ಲಿನವರದೇ ಊಟವಾಗಿಬಿಟ್ಟಿದೆ.

ಟಿಕೆಟ್ ಬುಕ್ ಮಾಡಿದ ದಿನವೇ ಯೆಲ್ಲೋ ಫೀವರ್ ಲಸಿಕೆಗೆ ಸಮಯ ಗೊತ್ತು ಮಾಡಿಕೊಳ್ಳಿ. ಕೀನ್ಯಾದಿಂದ ಭಾರತಕ್ಕೆ ಮರಳುವಾಗ ಅದರ ಸರ್ಟಿಫಿಕೇಟ್ ತೋರಿಸಬೇಕು. ಲಸಿಕೆ ಹಾಕಿಸಿ 10 ದಿನ ಆದ ಮೇಲಷ್ಟೇ ಅದು ಚಾಲ್ತಿಗೆ ಬರುತ್ತದೆ. ಸರ್ಕಾರ ಗುರುತಿಸಿದ ಕೇಂದ್ರಗಳಲ್ಲಿ ಮಾತ್ರ ಹಾಕುತ್ತಾರೆ.