ಹರಕೆ ಹೊತ್ತು ಹೊರಡುವ ಮುನ್ನ

ಜೂನ್ 13 ಬಂತೆಂದರೆ ಕೆ.ಆರ್. ನಗರ ತಾಲ್ಲೂಕಿನ ದೋರನಹಳ್ಳಿಗೆ ಜನ ಹರಿದು ಬರುತ್ತಾರೆ. ಸಂತ ಅಂತೋಣಿಯವರ ಹಬ್ಬ. ಕ್ರೈಸ್ತರಷ್ಟೇ ಅಲ್ಲ, ಎಲ್ಲ ಮತದವರೂ ಹರಕೆ ಹೊತ್ತು ಬರುವ ಜಾಗ ಅದು. ಹೊಲ ಉಳುತ್ತಿದ್ದ ರೈತನಿಗೆ ಸಂತರ ಸ್ವರೂಪ ಸಿಕ್ಕಿತೆಂಬುದು ಊರಿನ ಪ್ರತೀತಿ. ಸಾಲಿನಲ್ಲಿ ನಿಂತವರ ಕೈ ನೋಡಬೇಕು. ಮೇಣದಬತ್ತಿ, ಹೂವು ಇದ್ದೇ ಇರುತ್ತದೆ. ಜೊತೆಗೆ ಪ್ಲಾಸ್ಟಿಕ್ ಕವರಿನೊಳಗೆ ಮಗಳ ಮಾರ್ಕ್ಸ್ ಕಾರ್ಡು, ಮಗನ ಪಾಸ್‌ಪೋರ್ಟು, ಸೈಟಿನ ಖಾತೆಯ ಜೆರಾಕ್ಸು. ಸಂತರ ಮುಂದೆ ಹಿಡಿದು, ಕಣ್ಣಿಗೊತ್ತಿಕೊಂಡು, ಮತ್ತೆ ಬ್ಯಾಗಿಗೆ ಹಾಕಿಕೊಳ್ಳುತ್ತಾರೆ.

ಇದರಲ್ಲಿ ತಪ್ಪು ಕಾಣುವವನು ನಾನಲ್ಲ. ಬೇಕಾದ್ದನ್ನು ತಂದೆಯಾದ ದೇವರ ಹತ್ತಿರ ಕೇಳದೆ ಇನ್ನಾರ ಹತ್ತಿರ ಕೇಳುವುದು? ಆದರೆ ವಿಗ್ರಹಾರಾಧನೆ ಅಂದ ಕೂಡಲೇ ನಮ್ಮಲ್ಲಿ ಕೆಲವರು ಪಕ್ಕದ ಮನೆಯ ದೇವರ ಕೋಣೆಯತ್ತ ಬೆರಳು ತೋರಿಸುತ್ತಾರೆ. ಬೈಬಲಿನಲ್ಲಿ ಪ್ರವಾದಿ ಯೆಹೆಜ್ಕೇಲನ ಗ್ರಂಥದ 14ನೇ ಅಧ್ಯಾಯ ಓದಿದ ಮೇಲೆ ಆ ಬೆರಳು ಮಡಚಲೇಬೇಕು. ಇಸ್ರಯೇಲಿನ ಹಿರಿಯರು ದೇವರ ಮಾತು ಕೇಳಬೇಕೆಂದೇ ಪ್ರವಾದಿಯ ಮುಂದೆ ಬಂದು ಕೂತಿದ್ದಾರೆ. ದೇವರು ಹೇಳುವುದೇ ಬೇರೆ: ಇವರು ತಮ್ಮ ವಿಗ್ರಹಗಳನ್ನು ಹೃದಯದೊಳಗೆ ಇಟ್ಟುಕೊಂಡಿದ್ದಾರೆ, ಇವರು ಕೇಳಿದ್ದಕ್ಕೆ ನಾನು ಉತ್ತರ ಕೊಡಬೇಕೆ? ಅಂದರೆ ಈ ಮಾತು ಭಕ್ತಿಯಿಲ್ಲದವರಿಗೆ ಹೇಳಿದ್ದಲ್ಲ, ಸನ್ನಿಧಿಗೆ ಬಂದವರಿಗೇ ಹೇಳಿದ್ದು.

ಮೈಸೂರಿನ ಒಂದು ಧರ್ಮಕೇಂದ್ರದಲ್ಲಿ, ಅಂದರೆ ಚರ್ಚಿನಲ್ಲಿ, ಅಣ್ಣತಮ್ಮಂದಿರಿಬ್ಬರನ್ನು ಬಲ್ಲೆ. ಅಪ್ಪ ರಿಟೈರ್‌ಮೆಂಟ್ ದುಡ್ಡಿನಲ್ಲಿ ತೆಗೆದುಕೊಂಡ ಒಂದು ಥರ್ಟಿ ಫಾರ್ಟಿ ಸೈಟಿಗಾಗಿ ಮಾತು ಬಿಟ್ಟಿದ್ದಾರೆ. ಭಾನುವಾರ ಚರ್ಚಿನ ಬಲಿಪೂಜೆಯನ್ನು ಇಬ್ಬರೂ ತಪ್ಪಿಸುವುದಿಲ್ಲ. ಗುರುಗಳು ‘ಪರಸ್ಪರ ಶಾಂತಿಯನ್ನು ಹಂಚಿಕೊಳ್ಳಿರಿ’ ಎಂದಾಗ ಅಣ್ಣ ಎಡಕ್ಕೆ ತಿರುಗಿ ಕೈಮುಗಿಯುತ್ತಾನೆ, ತಮ್ಮ ಬಲಕ್ಕೆ. ಆಮೇಲೆ ಇಬ್ಬರೂ ಕ್ರಿಸ್ತನ ಶರೀರವೆಂದು ಸ್ವೀಕರಿಸುವ ಪರಮಪ್ರಸಾದಕ್ಕೆ ಸಾಲು ನಿಲ್ಲುತ್ತಾರೆ. ನೋಡಿದಾಗಲೆಲ್ಲ ನನಗೆ ಕರುಳು ಹಿಂಡಿದಂತಾಗುತ್ತದೆ. ಆ ಸೈಟಿನಲ್ಲಿ ಇನ್ನೂ ಒಂದು ಇಟ್ಟಿಗೆಯೂ ಬಿದ್ದಿಲ್ಲ. ಬರೀ ಗಿಡಗಂಟಿ.

ಸಂತ ಅಂತೋಣಿಯವರ ಬಗ್ಗೆ ಹಳೆಯ ಕಥೆಯೊಂದಿದೆ. ಜಿಪುಣ ಸಾಹುಕಾರನೊಬ್ಬನ ಶವಸಂಸ್ಕಾರದಲ್ಲಿ ಅವರು ‘ನಿಮ್ಮ ನಿಧಿ ಎಲ್ಲಿದೆಯೋ ಅಲ್ಲೇ ನಿಮ್ಮ ಹೃದಯವೂ ಇರುತ್ತದೆ’ ಎಂಬ ಪ್ರಭು ಯೇಸುವಿನ ಮಾತನ್ನೇ ಹಿಡಿದು ಬೋಧಿಸಿದರಂತೆ. ಇವನ ಹೃದಯ ಎದೆಯಲ್ಲಿಲ್ಲ, ಹಣದ ಪೆಟ್ಟಿಗೆಯಲ್ಲಿ ನೋಡಿ ಅಂದರಂತೆ. ತೆಗೆದರೆ ನಾಣ್ಯಗಳ ನಡುವೆ ಅದು ಇನ್ನೂ ಬೆಚ್ಚಗಿತ್ತಂತೆ. ಇಟಲಿಯ ಪದುವಾದಲ್ಲಿ ಅವರ ಹೆಸರಿನ ಬಸಿಲಿಕ ಚರ್ಚಿನಲ್ಲಿ ಶಿಲ್ಪಿ ದೊನಾತೆಲ್ಲೊ ಇದನ್ನು ಕಂಚಿನಲ್ಲಿ ಎರಕ ಹೊಯ್ದಿದ್ದಾನೆ.

ಹಣದ ವಿಷಯವಾದರೆ ಹೃದಯದೊಳಗಿನ ವಿಗ್ರಹವನ್ನು ಗುರುತು ಹಿಡಿಯುವುದು ಸುಲಭ. ಒಳ್ಳೆಯ ಆಸೆಗಳೇ ಕಷ್ಟ. ಮಗ ಡಾಕ್ಟರಾಗಲಿ ಎಂಬುದು, ಗಾಯನವೃಂದದಲ್ಲಿ ನನ್ನ ಜಾಗ ನನಗೇ ಇರಲಿ ಎಂಬುದು, ನಮ್ಮ ಮನೆಯಿಂದ ಒಬ್ಬರಾದರೂ ಚರ್ಚಿನ ಗುರುವಾಗಬೇಕು ಎಂಬುದು. ಇವುಗಳಲ್ಲಿ ಪಾಪವೇನಿದೆ? ಬಯಸಿದ್ದು ಕೈತಪ್ಪಬಹುದು ಅನ್ನಿಸಿದಾಗ ನಮಗೆ ಯಾರ ಮೇಲೆ ಸಿಟ್ಟು ಬರುತ್ತದೆ, ಅದಕ್ಕಾಗಿ ಯಾರನ್ನು ನೋಯಿಸಲು ಹಿಂದೆಮುಂದೆ ನೋಡುವುದಿಲ್ಲ ಎಂದು ಕೇಳಿಕೊಂಡರೆ ಉತ್ತರ ಸಿಗುತ್ತದೆ.

ಅಂತೋಣಿಯವರೂ ಇದನ್ನು ದಾಟಿಯೇ ಬಂದವರು. 1195ರಲ್ಲಿ ಲಿಸ್ಬನ್ನಿನ ಅನುಕೂಲಸ್ಥ ಮನೆತನದಲ್ಲಿ ಹುಟ್ಟಿ ಎಲ್ಲವನ್ನೂ ಬಿಟ್ಟರು. 1220ರಲ್ಲಿ ಮೊರಾಕ್ಕೊದಲ್ಲಿ ಫ್ರಾನ್ಸಿಸ್ಕನ್ ಸಭೆಯ ಐವರು ಸನ್ಯಾಸಿಗಳು ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟು ರಕ್ತಸಾಕ್ಷಿಗಳಾದ ಮೇಲೆ, ತಾವೂ ಅಲ್ಲೇ ಪ್ರಾಣ ಕೊಡಬೇಕೆಂದು ಹೊರಟರು. ಅಲ್ಲಿ ಕಾಯಿಲೆ ಬಿದ್ದರು. ಮರಳುವಾಗ ಗಾಳಿಗೆ ಸಿಕ್ಕ ಹಡಗು ಅವರನ್ನು ಸಿಸಿಲಿಗೆ ತಂದುಬಿಟ್ಟಿತು. ದೇವರಿಗಾಗಿ ಸಾಯುವ ಆಸೆಯನ್ನೂ ದೇವರು ಕೈಯಿಂದ ತೆಗೆದುಕೊಂಡರು. ಅವರು ಗೊಣಗಲಿಲ್ಲ, ಇಟಲಿಯ ಸಣ್ಣದೊಂದು ಆಶ್ರಮದಲ್ಲಿ ಅಡುಗೆಮನೆಯ ಪಾತ್ರೆ ತೊಳೆದುಕೊಂಡಿದ್ದರು. ಅವರ ಬೋಧನೆ ಲೋಕಕ್ಕೆ ಗೊತ್ತಾಗಿದ್ದು ಆಮೇಲೆ, 1222ರಲ್ಲಿ.

ಬೈಬಲಿನಲ್ಲಿ ಹರಕೆ ಹೊತ್ತ ಯಕೋಬನ ಕಥೆಯೂ ಹೀಗೆಯೇ. ಬೇತೇಲ್ ಎಂಬಲ್ಲಿ ಹೊತ್ತ ಹರಕೆ ತೀರಿಸಲು ಹೊರಡುವ ಮುನ್ನ ಮನೆಯವರಿಗೆಲ್ಲ ಹೇಳುತ್ತಾನೆ, ನಿಮ್ಮಲ್ಲಿರುವ ಅನ್ಯದೇವರುಗಳನ್ನು ತೆಗೆದುಹಾಕಿ. ಅವನ ಪ್ರೀತಿಯ ಹೆಂಡತಿ ರಾಹೇಲಳೇ ಹಿಂದೊಮ್ಮೆ ತಂದೆಯ ಮನೆಯ ವಿಗ್ರಹಗಳನ್ನು ಕದ್ದು ಒಂಟೆಯ ತಡಿಯೊಳಗೆ ಬಚ್ಚಿಟ್ಟು, ಅದರ ಮೇಲೆ ಕೂತಿದ್ದಳು! ಈ ಸಲ ಕಿವಿಯ ಓಲೆಗಳ ಸಮೇತ ಎಲ್ಲವನ್ನೂ ತಂದುಕೊಟ್ಟರು. ಯಕೋಬ ಅವನ್ನು ಶೆಕೆಮಿನ ಹತ್ತಿರ ಮರದ ಬುಡದಲ್ಲಿ ಹೂತ. ಬೇತೇಲಿಗೆ ಹೊರಟಿದ್ದು ಆಮೇಲೆ.

ಮನಸ್ಸಿನಲ್ಲೇ ‘ಬಿಟ್ಟೆ’ ಅಂದುಕೊಂಡರೆ ಸಾಲದು, ಕೈಯಾರೆ ಮಾಡಬೇಕು. ಆಸ್ತಿಯ ಜಗಳವಿದ್ದರೆ ಹಬ್ಬಕ್ಕೆ ಮುಂಚೆ ತಮ್ಮನ ಮನೆಯ ಬಾಗಿಲು ತಟ್ಟಿ. ಮಗನ ತಲೆಯ ಮೇಲೆ ರ‍್ಯಾಂಕಿನ ಭಾರ ಹೊರಿಸಿದ್ದರೆ, ಎದುರಿಗೆ ಕೂರಿಸಿಕೊಂಡು ‘ಎಷ್ಟೇ ಬರಲಿ, ನೀನು ನಮ್ಮ ಮಗನೇ ಕಣೋ’ ಎಂದು ಬಾಯಿಬಿಟ್ಟು ಹೇಳಿ. ಗುರುಗಳ ಮುಂದೆ ತಪ್ಪೊಪ್ಪಿಕೊಳ್ಳುವ ಪಾಪನಿವೇದನೆಗೆ ಮಂಡಿಯೂರಿದಾಗ ‘ದುರಾಸೆ ಪಟ್ಟೆ’ ಎಂದಷ್ಟೇ ಹೇಳಿ ಎದ್ದು ಬರಬೇಡಿ. ಯಾವುದರ ಮೇಲೆ ಆಸೆ, ಅದರಿಂದ ಮನೆಯಲ್ಲಿ ಯಾರು ಅತ್ತರು, ಅದನ್ನೂ ಗುರುಗಳಿಗೆ ಹೇಳಿ.