ಒಂದೇ ಹೊಳೆ, ಎರಡು ಹಕ್ಕಿ

ಕೊಡಗಿನ ಸಿದ್ದಾಪುರದ ಹತ್ತಿರ ಇವತ್ತು ಕಾವೇರಿ ನೀರು ಚೆನ್ನಾಗಿ ಇಳಿದಿತ್ತು. ಒಂದು ಬಂಡೆ ಮೇಲೆ ಗದ್ದೆ ಗೊರವ (ಕಾಮನ್ ಸ್ಯಾಂಡ್‌ಪೈಪರ್), ಪಕ್ಕದ ಬಂಡೆ ಮೇಲೆ ಬೂದು ಸಿಪಿಲೆ (ಗ್ರೇ ವ್ಯಾಗ್‌ಟೇಲ್). ಎರಡೂ ಸುಮ್ನೆ ನಿಲ್ಲುವ ಜಾತಿಯಲ್ಲ.

ಸಿಪಿಲೆ ತನ್ನ ಉದ್ದ ಬಾಲವನ್ನಷ್ಟೇ ಮೇಲೆ ಕೆಳಗೆ ಆಡಿಸುತ್ತದೆ. ಗೊರವ ಹಾಗಲ್ಲ. ಮೈಯ ಹಿಂಭಾಗ ಪೂರ್ತಿ ಏತದ ಹಾಗೆ ಏರಿ ಇಳಿಯುತ್ತದೆ. ಹಾರಿದರೆ ನೀರಿಗೆ ತಾಗಿಕೊಂಡಂತೆ, ರೆಕ್ಕೆ ಬಿಗಿ ಹಿಡಿದು ಪಟಪಟ ಬಡಿಯುತ್ತಾ ಹೋಗುತ್ತದೆ. ಸಿಪಿಲೆ ಅಲೆ ಅಲೆಯಾಗಿ ಹಾರುತ್ತದೆ.

ಇವು ಹತ್ತಿರದ ನೆಂಟರೇನಲ್ಲ. ಗೊರವ ಕಡಲತೀರದ ಹಕ್ಕಿಗಳ ಕುಲ, ಸುಮಾರು 50 ಗ್ರಾಂ ತೂಕ. ಸಿಪಿಲೆ ಗುಬ್ಬಚ್ಚಿ ಕಡೆಯ ಹಾಡುಹಕ್ಕಿ, 20 ಗ್ರಾಂ ಆಸುಪಾಸು.

ನನಗೆ ಜಾಸ್ತಿ ಇಷ್ಟವಾಗುವುದು ಮರಿಗಳ ವಿಷಯ. ಗೊರವ ಸುಮಾರು 3 ವಾರ ಕಾವು ಕೊಡುತ್ತದೆ. ಮರಿ ಹೊರಗೆ ಬರುವಾಗಲೇ ಕಣ್ಣು ತೆರೆದಿರುತ್ತದೆ, ಮೈ ತುಂಬ ಮೆತ್ತನೆ ತುಪ್ಪಳ. ಸ್ವಲ್ಪ ಹೊತ್ತಿಗೆ ಎದ್ದು ನಡೆದು ತಾನೇ ಹುಳ ಹುಡುಕುತ್ತದೆ! ಸಿಪಿಲೆಗೆ ಕಾವು 2 ವಾರದೊಳಗೆ ಮುಗಿಯುತ್ತದೆ, ಆದರೆ ಮರಿ ಕಣ್ಣೇ ಬಿಟ್ಟಿರುವುದಿಲ್ಲ. ಇನ್ನೂ ಸುಮಾರು 2 ವಾರ ಅಪ್ಪ ಅಮ್ಮ ಇಬ್ಬರೂ ಬಾಯಿಗೆ ತಿನ್ನಿಸಬೇಕು. ಒಂದು ಮೊಟ್ಟೆಯೊಳಗೆ ಬೆಳೆಯುತ್ತದೆ, ಇನ್ನೊಂದು ಗೂಡಿನೊಳಗೆ, ಅಲ್ವಾ?

ಆ ಬಾಣಂತನವೆಲ್ಲ ಹಿಮಾಲಯದಲ್ಲಿ, ಅದರಾಚೆಗೆ. ಇಲ್ಲಿಗೆ ಚಳಿಗಾಲಕ್ಕೆ ಮಾತ್ರ ಬರುತ್ತವೆ. ಕಾಫಿ ಕುಯ್ಲಿನ ಮಧ್ಯೆ ಬಿಡುವು ಸಿಕ್ಕರೆ ಹೊಳೆ ಕಡೆ ಹೋಗಿ ನೋಡಿ. ಹಾರಂಗಿ, ಲಕ್ಷ್ಮಣತೀರ್ಥ ಹೊಳೆಗಳ ಕಡೆಯವರು ಹೇಳಿ, ನಿಮ್ಮಲ್ಲಿ ಯಾವುದು ಜಾಸ್ತಿ ಕಾಣುತ್ತದೆ?