ಚೆಂಡೆ ಇಲ್ಲದ ಯಕ್ಷಗಾನ

"ನೀವು ಹೇಳುದು ನಾಳೆಯೂ ನೆಟ್ಟಲ್ಲಿ ಉಂಟಲ್ಲ ಟೀಚರೇ. ಇದು ಈಗ ಮಾತ್ರ."

ಸೋಮವಾರ ಕ್ಲಾಸಿನಲ್ಲಿ ಒಬ್ಬ ಹುಡುಗ ಹೇಳಿದ ಮಾತು. ಇವತ್ತು ಶುಕ್ರವಾರ. ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಕಿವಿಯಲ್ಲಿದೆ.

ನಮ್ಮ ಕಾಲೇಜಿನ ವೈಫೈ ಪೆಟ್ಟಿಗೆ ಇರುವುದು ಹಿಂದಿನ ವರಾಂಡದ ಗೋಡೆಯಲ್ಲಿ. ಹಾಗಾಗಿ ಹಿಂದಿನ ಬೆಂಚುಗಳೇ ಮೊದಲು ತುಂಬುತ್ತವೆ. ಕಾಸರಗೋಡಿನ ಗುಡ್ಡದ ಮರೆಯಲ್ಲಿ, ತೋಟದ ನಡುವೆ ಮನೆ ಇರುವ ಮಕ್ಕಳಿಗೆ ರೇಂಜ್ ಸಿಗುವುದೇ ಕಾಲೇಜಿಗೆ ಬಂದ ಮೇಲೆ. ಬೈದು ಏನು ಪ್ರಯೋಜನ?

ಅವತ್ತು 1956ರ ಪಾಠ. ನವೆಂಬರ್ 1ಕ್ಕೆ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕಳಚಿ ಕೇರಳಕ್ಕೆ ಸೇರಿದ್ದು, 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕ) ಸೇರಲಿ ಎಂದದ್ದು, ಅದು ಆಗದೇ ಹೋದದ್ದು, 1984ರಲ್ಲಿ ನಮ್ಮದೇ ಜಿಲ್ಲೆ ಆದದ್ದು. ಬೋರ್ಡಿನ ತುಂಬ ಇಸವಿಗಳು. ತಿರುಗಿ ನೋಡಿದರೆ ಕೊನೆಯ ಬೆಂಚಿನ ಹುಡುಗಿಯರ ಕಣ್ಣು ಒಂದೇ ಕಡೆ ವಾಲಿದೆ. ಒಬ್ಬಳ ಬೆರಳು ಡೆಸ್ಕಿನ ಮೇಲೆ ತಾಳ ಹಾಕುತ್ತಿದೆ. ಮಹಾಜನ ಆಯೋಗಕ್ಕೆ ತಾಳ ಯಾಕೆ ಅಂತ ಹಿಂದೆ ಹೋದೆ.

ಅವರ ಮುಂದಿನ ಬೆಂಚಿನ ಹುಡುಗನ ಲ್ಯಾಪ್‌ಟಾಪಿನಲ್ಲಿ ಕೇರಳ ಶಾಲಾ ಕಲೋತ್ಸವದ ಲೈವ್. ಯಕ್ಷಗಾನ ಸ್ಪರ್ಧೆ. ಅವನ ತಮ್ಮನ ತಂಡ. ಸೌಂಡ್ ತೆಗೆದಿದ್ದ. ಚೆಂಡೆ ಇಲ್ಲದೆ, ಭಾಗವತರಿಲ್ಲದೆ ಕಿರೀಟಗಳು ಸುಮ್ನೆ ಗಿರಗಿರ ತಿರುಗುತ್ತಿದ್ದವು. "ಪಾಠ ಬೇಡವಾ ನಿನಗೆ?" ಅಂದೆ. ಆಗ ಬಂತು ಆ ಉತ್ತರ. ಉದ್ಧಟತನ ಇರಲಿಲ್ಲ. ಬಸ್ಸಿನ ಟೈಮ್ ಹೇಳಿದ ಹಾಗೆ ಹೇಳಿದ.

"ಮುಚ್ಚು" ಅಂದೆ. ಮುಚ್ಚಿದ. ನಾನು ಬೋರ್ಡಿಗೆ ವಾಪಸ್.

ಲೈವ್ ವಿಡಿಯೋ ಕೂಡ ನಾಳೆ ನೆಟ್‌ನಲ್ಲಿ ಇರುತ್ತದಲ್ಲ ಮಾರಾಯ ಅನ್ನಬಹುದಿತ್ತು. ಹೊಳೆದದ್ದು ರಾತ್ರಿ, ಪಾತ್ರೆ ತೊಳೆಯುವಾಗ. ನನಗೆ ಯಾವಾಗಲೂ ಹೀಗೇ.

ಸ್ಟಾಫ್ ರೂಮಿನಲ್ಲಿ ಹೇಳಿದೆ. "ಕಸಿದಿಟ್ಟುಕೊಳ್ಳಿ, ಪೇರೆಂಟ್ಸ್ ಬರಲಿ" ಅಂದರು ಒಬ್ಬರು ಸರ್. ಒಳ್ಳೆಯವರೇ. ಆದರೆ ಮೀಟಿಂಗಿನಲ್ಲಿ ಮೇಜಿನ ಕೆಳಗೆ ರೀಲ್ಸ್ ನೋಡುವುದು ಅವರೇ, ಅದೂ ಕೆಲವೊಮ್ಮೆ ಸೌಂಡ್ ಸಮೇತ. 2020ರ ಜೂನ್‌ನಲ್ಲಿ ಇದೇ ಮಕ್ಕಳ ಕೈಗೆ ಫೋನ್ ಕೊಟ್ಟು, ಗುಡ್ಡ ಹತ್ತಿಯಾದರೂ ಕ್ಲಾಸಿಗೆ ಸೇರಿ ಅಂದದ್ದೂ ನಾವೇ ಅಲ್ವಾ?

ರಾತ್ರಿ ನಿದ್ದೆ ಬರದೆ ಹುಡುಕಿದೆ. 2013ರಲ್ಲಿ ಕೆನಡಾದಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. ಪಾಠದ ನಡುವೆ ಲ್ಯಾಪ್‌ಟಾಪಿನಲ್ಲಿ ಬೇರೆ ಕೆಲಸ ಮಾಡಿದವರಿಗೆ ಪರೀಕ್ಷೆಯಲ್ಲಿ ಶೇಕಡಾ 11 ಕಡಿಮೆ. ಆ ಪರದೆ ಕಣ್ಣಿಗೆ ಬೀಳುವಲ್ಲಿ ಪೆನ್ನು ಹಿಡಿದು ಕುಳಿತವರಿಗೆ ಶೇಕಡಾ 17 ಕಡಿಮೆ. ಹಿಂದೆ ಕುಳಿತವರಿಗೇ ಜಾಸ್ತಿ ಪೆಟ್ಟು! ತಾಳ ಹಾಕಿದ ಹುಡುಗಿ ನೆನಪಾದಳು. ಪಾಪ, ಅವಳ ಹತ್ತಿರ ಲ್ಯಾಪ್‌ಟಾಪೇ ಇಲ್ಲ.

ಇದನ್ನೂ ನಾನು ಓದಿದ್ದು ನೆಟ್‌ನಲ್ಲೇ. ಸೋಮವಾರದ ಇಸವಿಗಳನ್ನೂ ಹಿಂದಿನ ರಾತ್ರಿ ಅಲ್ಲಿಂದಲೇ ನೋಡಿ ಬರೆದುಕೊಂಡಿದ್ದೆ. ಅಂದರೆ ಹುಡುಗ ಹೇಳಿದ್ದರಲ್ಲಿ ಸುಳ್ಳೇನಿತ್ತು?

ಅಜ್ಜನ ತೀರ್ವೆ (ಜಾಗದ ಕಂದಾಯ) ರಶೀದಿಗಳ ಕಟ್ಟು ಅಮ್ಮನ ಹತ್ತಿರ ಉಂಟು. ಹಳೆಯವು ಕನ್ನಡದಲ್ಲಿ, ಆಮೇಲಿನವು ಮಲಯಾಳದಲ್ಲಿ. ಮೊದಲ ಮಲಯಾಳ ರಶೀದಿ ಬಂದಾಗ ಅಜ್ಜ ಅದನ್ನು ಓದಿಸಲು ಪೇಟೆಯ ಜವಳಿ ಅಂಗಡಿಗೆ ನಡೆದರಂತೆ. ಊರಿನವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದ ಮನುಷ್ಯ. ತನ್ನದೇ ಜಾಗದ ಕಾಗದ ಓದಲು ಇನ್ನೊಬ್ಬರು ಬೇಕಾಯಿತು. ಅದನ್ನು ಹೇಳುವಾಗ ಅಮ್ಮ ಈಗಲೂ ದನಿ ತಗ್ಗಿಸುತ್ತಾರೆ. ಇದು ಯಾವ ನೆಟ್‌ನಲ್ಲೂ ಇಲ್ಲ. ಸೋಮವಾರ ನಾನು ಇದನ್ನು ಹೇಳಲೂ ಇಲ್ಲ. ಪೋರ್ಷನ್ ಮುಗಿಯಬೇಕಲ್ಲ.

ಇವತ್ತು ಸಂಜೆ ಹುಡುಗ ಗೇಟಿನಲ್ಲಿ ಸಿಕ್ಕಿದ.

"ತಮ್ಮನಿಗೆ ಎಂತಾಯ್ತು?"

"ಎ ಗ್ರೇಡ್ ಟೀಚರೇ."

"ಲಿಂಕ್ ಕಳಿಸು. ಅದೂ ನೆಟ್ಟಲ್ಲಿ ಉಂಟಲ್ಲ." ನಾಲ್ಕು ದಿನ ತಡವಾದರೂ ಹೇಳಿಯೇ ಬಿಟ್ಟೆ.

ನಕ್ಕ. "ಉಂಟು. ಆದ್ರೆ ಆಗ ನೋಡಿದ ಹಾಗೆ ಆಗುದಿಲ್ಲ ಟೀಚರೇ" ಅಂತ ಹೇಳಿ ಬಸ್ಸಿಗೆ ಓಡಿದ.